ಟೆಕ್ಸಸ್‌ನ ಬಂದೂಕು ಕಾನೂನು: ಸುಝಾನಾ ಹಪ್ ಮತ್ತು ನಿಮ್ಮ ವೀಸಾ

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಅಂಗಡಿ ಬಾಗಿಲಿನಲ್ಲಿ, ಬಂದೂಕು ಒಳಗೆ ತರಬೇಡಿ ಎನ್ನುವ ‘30.06’, ‘30.07’ ಫಲಕಗಳನ್ನು ನೋಡಿರುತ್ತೀರಿ. ಅವು ಹುಟ್ಟಲು ಕಾರಣವಾದ ಚಳವಳಿಯ ಎದ್ದು ಕಾಣುವ ಮುಖ ಸುಝಾನಾ ಗ್ರೇಷಿಯಾ ಹಪ್.

1991ರ ಅಕ್ಟೋಬರ್ 16ರಂದು ಕಿಲೀನ್ ಪಟ್ಟಣದ ಲೂಬೀಸ್ ಕೆಫೆಟೇರಿಯಾದೊಳಕ್ಕೆ ಒಬ್ಬ ಪಿಕಪ್ ಟ್ರಕ್ ನುಗ್ಗಿಸಿ, 23 ಜನರನ್ನು ಗುಂಡಿಟ್ಟು ಕೊಂದ. ಕೈರೋಪ್ರಾಕ್ಟರ್ (ಬೆನ್ನುಮೂಳೆಯ ಚಿಕಿತ್ಸಕಿ) ಆಗಿದ್ದ ಹಪ್ ತಂದೆ-ತಾಯಿಯ ಜೊತೆ ಅಲ್ಲಿ ಊಟಕ್ಕೆ ಕೂತಿದ್ದರು. ಅವರ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಮರೆಯಲ್ಲಿ ಇಟ್ಟುಕೊಂಡು ಓಡಾಡುವುದು ಆಗ ಅಪರಾಧ. ಸಿಕ್ಕಿಬಿದ್ದರೆ ವೃತ್ತಿಯ ಲೈಸೆನ್ಸೇ ಹೋದೀತೆಂಬ ಅಂಜಿಕೆ. ಹೆತ್ತವರಿಬ್ಬರೂ ಸತ್ತರು, ಮಗಳು ಕಿಟಕಿಯಿಂದ ಪಾರಾದರು. ಆಮೇಲೆ ರಾಜ್ಯದಿಂದ ರಾಜ್ಯಕ್ಕೆ ಹೋಗಿ, ಬಂದೂಕು ಒಯ್ಯಲು ಬಿಡಬೇಕೆಂದು ಶಾಸನ ಸಮಿತಿಗಳ ಮುಂದೆ ಸಾಕ್ಷಿ ಹೇಳಿದರು. ಟೆಕ್ಸಸ್‌ನಲ್ಲಿ 1995ರಲ್ಲಿ ಗವರ್ನರ್ ಜಾರ್ಜ್ ಡಬ್ಲ್ಯೂ. ಬುಷ್ ಮಸೂದೆಗೆ ಸಹಿ ಹಾಕಿ, 1996ರ ಜನವರಿಯಿಂದ ಪಿಸ್ತೂಲನ್ನು ಮರೆಯಲ್ಲಿ ಒಯ್ಯಲು ಲೈಸೆನ್ಸ್ ಕೊಡುವ ಪದ್ಧತಿ ಬಂತು. ಇದನ್ನು ಶಾಸಕಿಯಾಗಿ ಹಪ್ ತಂದರೆಂದು ಹಲವರು ತಿಳಿದಿದ್ದಾರೆ. ಅವರು ರಿಪಬ್ಲಿಕನ್ ಪಕ್ಷದಿಂದ ಆಯ್ಕೆಯಾದದ್ದೇ ಆ ಬಳಿಕ, 1996ರಲ್ಲಿ. 2007ರವರೆಗೆ ಸದಸ್ಯೆಯಾಗಿದ್ದರು.

ನಮ್ಮ ವಿಧಾನಸಭೆಯ ಲೆಕ್ಕ ಇಲ್ಲಿ ನಡೆಯದು. ಟೆಕ್ಸಸ್ ಶಾಸನಸಭೆಯ ಕೆಳಮನೆಯಲ್ಲಿ 150, ಮೇಲ್ಮನೆಯಾದ ಸೆನೆಟ್‌ನಲ್ಲಿ 31 ಸದಸ್ಯರು. ನಿಯಮಿತ ಅಧಿವೇಶನ ಬೆಸ ವರ್ಷಗಳಲ್ಲಿ ಮಾತ್ರ, ಹೆಚ್ಚೆಂದರೆ 140 ದಿನ. ಸಂಬಳ ವರ್ಷಕ್ಕೆ 7,200 ಡಾಲರ್. ಆದ್ದರಿಂದ ಬೇರೆ ಕಸುಬು ಇಟ್ಟುಕೊಂಡವರೇ ಬಹಳ. ಹೆಚ್ಚಿನ ಮಸೂದೆಗಳು ಸೋಲುವುದಿಲ್ಲ, ಗಡುವು ಮುಗಿದು ಸಾಯುತ್ತವೆ. ಹಾಗಾಗಿ ಮತದಾನದ ದಿನಕ್ಕಿಂತ ಸಮಿತಿಯ ವಿಚಾರಣೆಯೇ ಮುಖ್ಯ. ಸಾರ್ವಜನಿಕರು ಹೆಸರು ನೋಂದಾಯಿಸಿ, ಪರವೋ ವಿರೋಧವೋ ತಿಳಿಸಿ, ಎರಡು-ಮೂರು ನಿಮಿಷ ಮಾತಾಡಬಹುದು. ಆದರೆ ಎಚ್-1ಬಿ (ಉದ್ಯೋಗ) ವೀಸಾದಲ್ಲಿರುವವರು ಯಾವ ಅಭ್ಯರ್ಥಿಗೂ ಚುನಾವಣಾ ದೇಣಿಗೆ ಕೊಡುವಂತಿಲ್ಲ. ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನ ಅಪರಾಧ. ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇದ್ದವರು ಕೊಡಬಹುದು.

2021ರ ಸೆಪ್ಟೆಂಬರ್ 1ರಿಂದ 21 ದಾಟಿದವರಿಗೆ, ಕಾನೂನಿನ ಬೇರೆ ನಿಷೇಧ ಇಲ್ಲದಿದ್ದರೆ, ಪಿಸ್ತೂಲು ಒಯ್ಯಲು ಲೈಸೆನ್ಸೇ ಬೇಡ. ನಮ್ಮವರು ಎಡವುವುದು ಇಲ್ಲೇ. ಎಚ್-1ಬಿ, ಅವರ ಕುಟುಂಬದವರ ಎಚ್-4, ವಿದ್ಯಾರ್ಥಿಗಳ ಎಫ್-1 ವೀಸಾದವರಿಗೆ ಬಂದೂಕಷ್ಟೇ ಅಲ್ಲ, ತೋಟಾ ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ನಿಷೇಧಿಸುತ್ತದೆ. ರಾಜ್ಯ ಎಷ್ಟೇ ಸಡಿಲ ಬಿಟ್ಟರೂ ಅದು ಕದಲುವುದಿಲ್ಲ. ಎಚ್-4ಗೆ ಇಎಡಿ (ಕೆಲಸ ಮಾಡುವ ಪರವಾನಗಿ) ಸಿಕ್ಕಿದೆ ಎಂದರೂ ವ್ಯತ್ಯಾಸವಿಲ್ಲ. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಬಂದೂಕು ಹಿಡಿದರೂ ಅದು ‘ಇಟ್ಟುಕೊಂಡಂತೆ’. ಗರಿಷ್ಠ ಶಿಕ್ಷೆ 15 ವರ್ಷ, ಗಡೀಪಾರು ಬೇರೆ. ಮುಖ್ಯ ವಿನಾಯಿತಿ ರಾಜ್ಯ ಕೊಟ್ಟ, ಅವಧಿ ಮೀರದ ಬೇಟೆ ಲೈಸೆನ್ಸ್. ವಕೀಲರನ್ನು ಕೇಳದೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಸ್ವಂತ ಹೋಟೆಲು, ಅಂಗಡಿ ಇದ್ದವರು ಫಲಕದ ವಿಷಯದಲ್ಲಿ ಜಿಪುಣತನ ಮಾಡಬಾರದು. 30.06 ಮರೆಯಲ್ಲಿ ಒಯ್ಯುವ ಲೈಸೆನ್ಸ್‌ದಾರರಿಗೆ, 30.07 ಎದ್ದು ಕಾಣುವಂತೆ ಒಯ್ಯುವ ಲೈಸೆನ್ಸ್‌ದಾರರಿಗೆ, 30.05 ಲೈಸೆನ್ಸ್ ಇಲ್ಲದವರಿಗೆ. 06, 07ರಲ್ಲಿ ಕಾನೂನಿನ ಪದಗಳೇ ಇರಬೇಕು: ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ, ಎದ್ದು ಕಾಣುವ ಬಣ್ಣದಲ್ಲಿ, ಕನಿಷ್ಠ 1 ಇಂಚಿನ ಅಕ್ಷರಗಳಲ್ಲಿ. ಬಂದೂಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಅಗ್ಗದ ಸ್ಟಿಕ್ಕರ್ ಲೈಸೆನ್ಸ್‌ದಾರರ ಮೇಲೆ ನಡೆಯದು. ಆಗ ಬಾಯಿಮಾತಿನಲ್ಲೇ ಹೊರಗೆ ಕಳಿಸಬೇಕು. ಕೆಂಪು ‘51%’ ಫಲಕ ಬೇರೆಯೇ: ಆದಾಯದ ಬಹುಪಾಲು ಅಲ್ಲೇ ಕುಡಿಯುವ ಮದ್ಯದಿಂದ ಬರುವ ಜಾಗ, ಲೈಸೆನ್ಸ್ ಇದ್ದರೂ ಒಳಗೆ ಒಯ್ಯುವಂತಿಲ್ಲ.

ಮಕ್ಕಳನ್ನು ಬೇರೆ ಮನೆಗೆ ಆಡಲು ಕಳಿಸುವಾಗ, ಬಂದೂಕು ಬೀಗದಲ್ಲಿದೆಯೇ ಎಂದು ಕೇಳುವುದು ಇಲ್ಲಿ ಒರಟುತನವಲ್ಲ. ತುಂಬಿದ ಬಂದೂಕು 17ಕ್ಕಿಂತ ಕಿರಿಯರ ಕೈಗೆ ಎಟುಕುವಂತೆ ಅಜಾಗ್ರತೆಯಿಂದ ಬಿಟ್ಟಿರುವುದು ಟೆಕ್ಸಸ್‌ನಲ್ಲೂ ಅಪರಾಧವೇ.