ತಾಲ್ಮುದ್ ಮತ್ತು ಒಂದು ಉಪ್ಪಿನಕಾಯಿ ಬಾಟಲಿ

ನಾನು ಜೆರುಸಲೇಮಿನಲ್ಲಿ ಕೇರ್‌ಗಿವರ್. ನಾನು ನೋಡಿಕೊಳ್ಳುವ ಹಿರಿಯರನ್ನು ಸಬಾ ಎಂದು ಕರೆಯುತ್ತೇನೆ. ಇಲ್ಲಿ ಅಜ್ಜನಿಗೆ ಹಾಗೆನ್ನುತ್ತಾರೆ. ಅವರದು ದಾಫ್ ಯೋಮಿ, ಅಂದರೆ ಯಹೂದಿ ಪಂಡಿತರ ವಾದಗಳ ಹಳೆಯ ಗ್ರಂಥವಾದ ಬ್ಯಾಬಿಲೋನಿಯನ್ ತಾಲ್ಮುದಿನಲ್ಲಿ ದಿನಕ್ಕೊಂದು ಹಾಳೆ ಓದುವುದು. ಒಟ್ಟು 2,711 ಹಾಳೆ, ಮುಗಿಯಲು ಸುಮಾರು ಏಳೂವರೆ ವರ್ಷ. 1923ರಲ್ಲಿ ವಿಯೆನ್ನಾದಲ್ಲಿ ರಬ್ಬಿ (ಯಹೂದಿ ಧರ್ಮಗುರು) ಮೇಯರ್ ಶಪೀರೋ ಸೂಚಿಸಿದ ಪದ್ಧತಿ ಇದು. ಕಣ್ಣು ಮಂಜಾದ ಮೇಲೆ ಸಬಾ ನನ್ನನ್ನು ಜತೆಗೆ ಕೂರಿಸಿಕೊಂಡರು. ನನಗೆ ಹೀಬ್ರೂ ಅಕ್ಷರ ಬರುತ್ತದೆ. ಅರ್ಥಕ್ಕೆ ಮೊಬೈಲಿನಲ್ಲಿ ಸೆಫಾರಿಯಾ ಆ್ಯಪ್ ಇದೆ, ದುಡ್ಡು ಕೊಡಬೇಕಿಲ್ಲ.

ಯಹೂದಿಯಲ್ಲದ ನಾನು ಇದನ್ನು ಓದಬಹುದಾ ಎಂದು ಕೇಳಿದ್ದೆ. ಅದಕ್ಕೂ ತಾಲ್ಮುದಿನಲ್ಲೇ ಜಗಳ ಇದೆಯಂತೆ! ರಬ್ಬಿ ಯೋಹನಾನ್ ಕೂಡದು ಎನ್ನುತ್ತಾರೆ. ಓದುವವನು ಮಹಾಯಾಜಕನಿಗೆ ಸಮ ಎನ್ನುತ್ತಾರೆ ರಬ್ಬಿ ಮೇಯರ್ (ಶಪೀರೋ ಅಲ್ಲ, ಹಳೆಗಾಲದವರು). ಸಬಾ ಮೇಯರ್ ಪಕ್ಷ.

ದಿನಕ್ಕೊಂದು ಹಾಳೆಯ ಓಟ ನನ್ನ ಕೈಲಾಗಲಿಲ್ಲ. ತಾಲ್ಮುದಿನ ‘ಬಾವಾ ಮೆಟ್ಸಿಯಾ’ ಎಂಬ ಭಾಗ ಒಂದನ್ನೇ ಹಿಡಿದು ಕೂತೆ. ದೇವರು, ಸ್ವರ್ಗದ ಮಾತು ಅದರಲ್ಲಿ ಕಡಿಮೆ. ಸಿಕ್ಕಿದ ವಸ್ತು, ಸಾಲ, ಕೂಲಿ, ಬಾಡಿಗೆ, ಇವೇ ಜಾಸ್ತಿ. ಮೊದಲು ಮಿಷ್ನಾ, ಅಂದರೆ ವಾದಕ್ಕೆ ಬುನಾದಿಯಾದ ಚಿಕ್ಕ ಮೂಲಪಾಠ ಓದುತ್ತೇನೆ. ಮುಂದಿನದನ್ನು ಮುಚ್ಚಿಟ್ಟು ನನ್ನ ತೀರ್ಪು ಏನೆಂದು ಸಬಾಗೆ ಕೇಳಿಸುವಂತೆ ಹೇಳುತ್ತೇನೆ, ಕಾರಣ ಸಮೇತ. ಆಮೇಲಷ್ಟೇ ಪಂಡಿತರ ವಾದ. ನಾನು ಒಪ್ಪಿದ ಕಡೆ ಏನೂ ಕಲಿಯುವುದಿಲ್ಲ, ಸುಮ್ನೆ ಮುಂದೆ ಹೋಗುತ್ತೇನೆ. ಎಲ್ಲಿ ಬೇರೆಯಾಯಿತೋ ಅಲ್ಲೇ ನಿಲ್ಲುತ್ತೇನೆ.

ಕೊಳ್ಳುವ ಮನಸ್ಸಿಲ್ಲದೆ ‘ಇದಕ್ಕೆಷ್ಟು’ ಎಂದು ಕೇಳಬಾರದು ಎನ್ನುತ್ತದೆ ನಾಲ್ಕನೇ ಅಧ್ಯಾಯ. ಬಾಯಿಮಾತಿನಿಂದ ನೋಯಿಸುವುದರಲ್ಲಿ ಇದೂ ಸೇರುತ್ತದೆ. ಹೊತ್ತು ಕಳೆಯಲು ಮಹನೆ ಯೆಹುದಾ ಮಾರುಕಟ್ಟೆಯಲ್ಲಿ ಬೆಲೆ ಕೇಳಿಕೊಂಡು ಸುತ್ತುವ ಅಭ್ಯಾಸ ಅಲ್ಲಿಗೆ ನಿಂತಿತು.

ಜಾಸ್ತಿ ತಲೆ ಕೆಡಿಸಿದ್ದು ಇನ್ನೊಂದು. ರಜೆಯ ದಿನಕ್ಕೆಂದು ಮಂಗಳೂರು, ಉಡುಪಿ ಕಡೆಯ ನಾವು ಕೆಲವರು ಟೆಲ್ ಅವೀವ್‌ನಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ಊರಿಗೆ ಹೊರಟ ಗೆಳೆಯನೊಬ್ಬ ಸೂಟ್‌ಕೇಸ್ ಬಿಟ್ಟು, ‘ನೋಡ್ಕೊಳ್ಳಿ’ ಅಂದು ಹೋದ. ಅದರಲ್ಲಿ ಉಣ್ಣೆ ಕೋಟು, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ. ಆಮೇಲೆ ಫೋನಿಗೂ ಸಿಗಲಿಲ್ಲ.

ಕೋಟಿಗೆ ನನ್ನ ಹತ್ತಿರ ಉತ್ತರ ಇತ್ತು. ಸಿಕ್ಕಿದ ಬಟ್ಟೆಯನ್ನು 30 ದಿನಕ್ಕೊಮ್ಮೆ ಕೊಡವಬೇಕು. ಹರಡುವುದಿದ್ದರೆ ಬಟ್ಟೆಯ ಒಳ್ಳೆಯದಕ್ಕೆ ಹರಡಬೇಕು, ತನ್ನ ದೊಡ್ಡಸ್ತಿಕೆಗಲ್ಲ. ಸಿಕ್ಕಿದ ಪುಸ್ತಕದ ಸುರುಳಿಯನ್ನೂ ಅಷ್ಟು ದಿನಕ್ಕೊಮ್ಮೆ ಓದಬೇಕು, ಇಲ್ಲದಿದ್ದರೆ ಹಾಳಾಗುತ್ತದೆ. ಮುಟ್ಟದೆ ಇಡುವುದೇ ಪ್ರಾಮಾಣಿಕತೆ ಎಂದು ನಾನು ತೀರ್ಪು ಕೊಟ್ಟಿದ್ದೆ. ಮಿಷ್ನಾ ಮೈಬಗ್ಗಿಸಿ ಕೆಲಸ ಮಾಡು ಎನ್ನುತ್ತದೆ. ಹಾಗಾಗಿ ಕೋಟನ್ನು ಆಗಾಗ ಬಿಸಿಲಿಗೆ ಹಾಕುತ್ತೇನೆ. ಡಿಸೆಂಬರ್ ಚಳಿಯಲ್ಲೂ ಹಾಕಿಕೊಂಡಿಲ್ಲ.

ಬಾಟಲಿಯಿಂದ ಎಣ್ಣೆ ಸೋರತೊಡಗಿದಾಗ ಮನೆಯಲ್ಲಿ ಎರಡು ಪಂಗಡವಾಯಿತು. ತಿಂದುಬಿಡೋಣ, ಬಂದಾಗ ಅಂಗಡಿಯಿಂದ ಎರಡು ತಂದುಕೊಟ್ಟರಾಯಿತು, ಅಲ್ವಾ? ನನಗೂ ಸರಿ ಅನ್ನಿಸಿತು. ಸಬಾ ತಲೆಯಾಡಿಸಿದರು. “ಇದು ಕಳೆದು ಸಿಕ್ಕಿದ್ದಲ್ಲ, ನಂಬಿ ಕೊಟ್ಟಿದ್ದು. ಮೂರನೇ ಅಧ್ಯಾಯ ತೆಗಿ.”

ಅಲ್ಲಿ ನಮ್ಮದೇ ಪ್ರಶ್ನೆ ಇತ್ತು. ಒಬ್ಬ ಧಾನ್ಯ ಒಪ್ಪಿಸಿ ಹೋಗಿದ್ದಾನೆ, ಅದು ಹಾಳಾಗುತ್ತಿದೆ. ಹಾಳಾದರೂ ಮುಟ್ಟಬೇಡ ಎನ್ನುತ್ತಾರೆ ಪಂಡಿತರು. ನ್ಯಾಯಾಲಯದ ಮುಂದೆ ಮಾರಿ ದುಡ್ಡು ಎತ್ತಿಡು, ಅದು ಕಳೆದದ್ದನ್ನು ಹಿಂದಿರುಗಿಸಿದ ಹಾಗೆ ಎನ್ನುತ್ತಾರೆ ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್. ಮುಟ್ಟಬೇಡ ಎಂದದ್ದಕ್ಕೆ ರಾವ್ ಕಹಾನಾ ಕೊಡುವ ಕಾರಣ ಇದು: ಮನುಷ್ಯನಿಗೆ ಬೇರೆಯವರ ಒಂಬತ್ತು ಅಳತೆಗಿಂತ ತನ್ನದೇ ಒಂದು ಅಳತೆ ಮೇಲು.

“ಉಪ್ಪಿನಕಾಯಿ ಯಾರು ಹಾಕಿದ್ದು?” ಎಂದು ಕೇಳಿದರು ಸಬಾ.

“ಅವನ ಅಮ್ಮ.”

“ಮತ್ತೆ?”

ಬಾಟಲಿಯ ಕೆಳಗೊಂದು ಬಸಿ ಇಟ್ಟಿದ್ದೇವೆ. ರಬ್ಬಾನ್ ಶಿಮೋನರ ಪಕ್ಷದವರು ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಾರೆ.