ಎದುರುಬದುರು ಪುಟಗಳಲ್ಲಿ ಆಂಕಾಲಜಿ: ನನ್ನ ಅನುಭವ

ವೈದ್ಯಕೀಯ ಸ್ನಾತಕೋತ್ತರ ಪ್ರವೇಶಪರೀಕ್ಷೆಯಾದ ನೀಟ್ ಪಿಜಿಯ ಎರಡನೆಯ ಯತ್ನಕ್ಕೆ ಕುಳಿತಾಗ ನಾನು ಆಂಕಾಲಜಿಯನ್ನು, ಎಂದರೆ ಕ್ಯಾನ್ಸರಿನ ಪಾಠವನ್ನು, ಅಂಗಗಳ ಕ್ರಮದಲ್ಲಿ ಓದುವುದನ್ನು ಕೈಬಿಟ್ಟು, ನನಗೆ ಅದಲುಬದಲಾಗುತ್ತಿದ್ದ ಸಂಗತಿಗಳನ್ನು ಮಾತ್ರ ಉದ್ದ ಪುಸ್ತಕವೊಂದರ ಎದುರುಬದುರು ಪುಟಗಳಲ್ಲಿ, ಕಾರಣಸಹಿತವಾಗಿ, ಕನ್ನಡ ವಾಕ್ಯಗಳಲ್ಲಿ ಬರೆದುಕೊಳ್ಳತೊಡಗಿದೆ. ಪರೀಕ್ಷೆ ಇಂಗ್ಲಿಷಿನಲ್ಲಿರುವಾಗ ಇದು ಕಾಲಹರಣವೆಂದು ಕೊಠಡಿಯ ಗೆಳೆಯರಿಬ್ಬರೂ ಹೇಳಿದರು. ಹಿರಿಯರೊಬ್ಬರು ಪಟ್ಟಿಗಳನ್ನು ಬಾಯಿಪಾಠ ಮಾಡದೆ ಯಾರೂ ದಾಟಿಲ್ಲವೆಂದರು. ಕೊನೆಯ ಐದಾರು ಮಾಕ್ ಪರೀಕ್ಷೆಗಳಲ್ಲಿ ಈ ಭಾಗದ ಹತ್ತು ಪ್ರಶ್ನೆಗಳಿಗೆ ಒಂಬತ್ತರಂತೆ ಸರಿಯುತ್ತರ ಬಂದ ಮೇಲೆ ಅದೇ ಗೆಳೆಯರು ನನ್ನ ಪುಸ್ತಕವನ್ನು ಜೆರಾಕ್ಸ್ ಮಾಡಿಸಿಕೊಂಡರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಯತ್ನದ ಸೋಲು ದುಬಾರಿಯಾಗಿತ್ತು. ಆನ್‌ಲೈನ್ ತರಗತಿಗೆ ಸುಮಾರು 30,000 ರೂಪಾಯಿ ಕಟ್ಟಿದ್ದೆ. ಅದರ ಮೇಲೆ ಹಿರಿಯ ವಿದ್ಯಾರ್ಥಿಯೊಬ್ಬರ ಕೈಬರಹದ ಟಿಪ್ಪಣಿಯನ್ನು ಸಾವಿರದೈನೂರು ಕೊಟ್ಟು ಕೊಂಡೆ. ಅಕ್ಷರ ಮುತ್ತಿನಂತಿತ್ತು, ಆದರೆ ಗರ್ಭಕೊರಳಿನ ಕ್ಯಾನ್ಸರ್ ಎಷ್ಟು ಬೆಳೆದಿದೆ ಎಂದು ಗುರುತಿಸುವ ಫಿಗೊ (ಸ್ತ್ರೀರೋಗತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ಹಂತಗಳು 2018ಕ್ಕಿಂತ ಹಿಂದಿನವು. ಹಳೆಯ ಕ್ರಮದಲ್ಲಿ 4 ಸೆಂ.ಮೀ.ವರೆಗಿನ ಗಡ್ಡೆಯೆಲ್ಲ ಐಬಿ1 ಆಗಿತ್ತು. 2018ರಲ್ಲಿ 2 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಐಬಿ1, 2ರಿಂದ 4ರೊಳಗೆ ಐಬಿ2, 4 ಅಥವಾ ಹೆಚ್ಚಿದ್ದರೆ ಐಬಿ3 ಎಂದಾಯಿತು, ದುಗ್ಧಗ್ರಂಥಿಗಳಿಗೆ ಹರಡಿದ್ದಕ್ಕೆ ಐಐಐಸಿ ಹೊಸದಾಗಿ ಸೇರಿತು. 3 ಸೆಂ.ಮೀ. ಗಡ್ಡೆಯ ಪ್ರಶ್ನೆಗೆ ನಾನು ಬಹಳ ಧೈರ್ಯದಿಂದ ಐಬಿ1 ಗುರುತು ಹಾಕಿದ್ದೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಒಂದು ಹಳೆಯ ಟಿಪ್ಪಣಿಗೆ 5 ಅಂಕಗಳ ದಂಡ ತೆತ್ತೆ. ಬಾಯಿಯ ಕ್ಯಾನ್ಸರಿನಲ್ಲೂ ಹೀಗೆಯೇ: ಕ್ಯಾನ್ಸರಿನ ಹಂತಗಳನ್ನು ಗೊತ್ತುಮಾಡುವ ಅಮೆರಿಕದ ಸಮಿತಿ ಎಜೆಸಿಸಿಯ ಎಂಟನೆಯ ಆವೃತ್ತಿಯಲ್ಲಿ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದೂ ಟಿ ಹಂತವನ್ನು, ಎಂದರೆ ಮೂಲ ಗಡ್ಡೆಯ ಹಂತವನ್ನು, ನಿರ್ಧರಿಸುತ್ತದೆ, 5 ಮತ್ತು 10 ಮಿ.ಮೀ. ಅಲ್ಲಿನ ಗಡಿಗಳು. ನಮ್ಮ ವಾರ್ಡುಗಳಲ್ಲಿ ಗುಟ್ಕಾ, ತಂಬಾಕಿನಿಂದ ಕೆನ್ನೆಯೊಳಗೆ ಹುಣ್ಣಾದ ರೋಗಿಗಳನ್ನು ದಿನವೂ ಕಂಡಿದ್ದ ನನಗೆ ಈ ತಪ್ಪು ಹೆಚ್ಚು ನೋವು ಕೊಟ್ಟಿತು. ಆದುದರಿಂದ ಹೊಸ ಪುಸ್ತಕದ ಮೊದಲ ಜೋಡಿ ಪುಟವೇ ಹಳೆಯ ಹಂತ, ಹೊಸ ಹಂತ.

ಟ್ರಾನ್ಸ್‌ಲೊಕೇಶನ್‌ಗಳನ್ನು (ಎರಡು ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗುವುದು) ನಾಲ್ಕು ಬಾರಿ ಬಾಯಿಪಾಠ ಮಾಡಿ ನಾಲ್ಕು ಬಾರಿಯೂ ಮರೆತಿದ್ದೆ. ಇಮ್ಯುನೊಗ್ಲಾಬ್ಯುಲಿನ್ (ಪ್ರತಿಕಾಯ) ಹೆವಿ ಚೈನಿನ ಜೀನ್ 14ನೆಯ ಕ್ರೋಮೋಸೋಮಿನಲ್ಲಿದೆ, ಬಿ ಕೋಶದಲ್ಲಿ ಅದು ಸದಾ ಉರಿಯುವ ಒಲೆ, ಅದರ ಪಕ್ಕಕ್ಕೆ ಬಂದು ಕೂತ ಜೀನೂ ಉರಿಯತೊಡಗುತ್ತದೆ ಎಂದು ಬರೆದುಕೊಂಡ ದಿನ ಮೂರು ಲಿಂಫೋಮಾಗಳು (ದುಗ್ಧಕೋಶಗಳ ಕ್ಯಾನ್ಸರ್) ಒಟ್ಟಿಗೆ ಬಗೆಹರಿದವು: 8ರಿಂದ ಬಂದ ಮಿಕ್ ಜೀನ್ ಬರ್ಕಿಟ್‌ಗೆ, 18ರ ಬಿಸಿಎಲ್2 ಫಾಲಿಕ್ಯುಲರ್‌ಗೆ, 11ರ ಸೈಕ್ಲಿನ್ ಡಿ1 ಮ್ಯಾಂಟಲ್ ಸೆಲ್‌ಗೆ. ಒಲೆಯಿಲ್ಲದ 9;22 ಮತ್ತು 15;17, ಎರಡು ಬಗೆಯ ರಕ್ತಕ್ಯಾನ್ಸರಿನವು, ಎದುರು ಪುಟಕ್ಕೆ ಹೋದವು; ಅವೆರಡರಲ್ಲಿ ಜೀನುಗಳು ಬೆಸೆದು ಹೊಸ ಪ್ರೋಟೀನೇ ಹುಟ್ಟುತ್ತದೆ, ಆದ್ದರಿಂದಲೇ ಒಂದಕ್ಕೆ ಇಮ್ಯಾಟಿನಿಬ್, ಇನ್ನೊಂದಕ್ಕೆ ಆಟ್ರಾ ಎಂಬ ಔಷಧ ನಾಟುತ್ತದೆ.

ಕ್ಯಾಲ್ಸಿಯಂ ನನ್ನನ್ನು ಬಹಳ ಕಾಡಿದ ಜೋಡಿ. ಟ್ಯೂಮರ್ ಲೈಸಿಸ್‌ನಲ್ಲಿ (ಕ್ಯಾನ್ಸರ್ ಕೋಶಗಳು ಒಮ್ಮೆಲೇ ಸಾಯುವಾಗ) ಒಡೆದ ಕೋಶಗಳಿಂದ ಪೊಟ್ಯಾಶಿಯಂ, ಫಾಸ್ಫೇಟ್ ಹೊರಬರುತ್ತವೆ, ಯೂರಿಕ್ ಆಮ್ಲವೂ ಏರುತ್ತದೆ. ಆ ಫಾಸ್ಫೇಟ್ ಕ್ಯಾಲ್ಸಿಯಮನ್ನು ಹಿಡಿದುಕೊಳ್ಳುವುದರಿಂದ ಅದೊಂದೇ ಇಳಿಯುತ್ತದೆ. ಎದುರು ಪುಟದಲ್ಲಿ ಶ್ವಾಸಕೋಶದ ಸ್ಕ್ವಾಮಸ್ ಕ್ಯಾನ್ಸರ್, ಅದು ಸ್ರವಿಸುವ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನು, ಅದರಿಂದ ಏರಿದ ಕ್ಯಾಲ್ಸಿಯಂ. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಸೋಡಿಯಂ ಇಳಿದಿದ್ದರೆ ಶ್ವಾಸಕೋಶದ್ದೇ ಸ್ಮಾಲ್ ಸೆಲ್ ಕ್ಯಾನ್ಸರ್ ಎಂದು. ಯೂರಿಕ್ ಆಮ್ಲ ಇಳಿಸುವ ರಾಸ್‌ಬ್ಯುರಿಕೇಸ್ ಕೊಡುವ ಮೊದಲು ಜಿ6ಪಿಡಿ ಕಿಣ್ವದ ಕೊರತೆಯಿದೆಯೇ ಎಂದು ನೋಡಬೇಕೆಂಬುದನ್ನೂ ಅಲ್ಲೇ ಸೇರಿಸಿದೆ. ವೃಷಣದ ಗಡ್ಡೆಗೆ ಒಂದೇ ಸಾಲು ಸಾಕಾಯಿತು: ಗಡ್ಡೆಯ ಗುರುತಾಗಿ ರಕ್ತದಲ್ಲಿ ಅಳೆಯುವ ಎರಡರಲ್ಲಿ, ಶುದ್ಧ ಸೆಮಿನೋಮಾ (ವೃಷಣದ ಒಂದು ಬಗೆಯ ಗಡ್ಡೆ) ಎಎಫ್‌ಪಿಯನ್ನು ಏರಿಸುವುದಿಲ್ಲ, ಬೀಟಾ ಎಚ್‌ಸಿಜಿಯನ್ನು ತುಸು ಏರಿಸಬಹುದು.

ನಡುವೆ ಒಂದೆರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಟಿಪ್ಪಣಿಗಳನ್ನು ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದ್ದು ಪೂರ್ತಿ ವ್ಯರ್ಥವಾಯಿತು, ಮೂರು ವಾರ ಹೋಯಿತು. ಔಷಧಗಳ ವಿಷಪರಿಣಾಮಗಳನ್ನು ವಸ್ತುಗಳಿಗೆ ಅಂಟಿಸಿದ್ದು ಫಲಿಸಿತು: ಹಾಸ್ಟೆಲಿನ ಅಂಗಳದ ನಿತ್ಯಪುಷ್ಪದ ಗಿಡಕ್ಕೆ ವಿನ್‌ಕ್ರಿಸ್ಟಿನ್ ಎಂದು ಚೀಟಿ ಕಟ್ಟಿದ್ದೆ, ಏಕೆಂದರೆ ಅದು ಆ ಗಿಡದಿಂದಲೇ ಬಂದದ್ದು, ಹಾದುಹೋಗುವಾಗಲೆಲ್ಲ ನರಗಳಿಗೆ ತೊಂದರೆ, ಮಜ್ಜೆಗೆ ಕಡಿಮೆ ಪೆಟ್ಟು, ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ಸಾವು ಎಂದು ಹೇಳಿಕೊಳ್ಳುತ್ತಿದ್ದೆ. ನೀರಿನ ಫಿಲ್ಟರಿಗೆ ಸಿಸ್‌ಪ್ಲಾಟಿನ್, ಮೂತ್ರಪಿಂಡದ ನೆನಪಿಗೆ. ಡಾಕ್ಸೊರುಬಿಸಿನ್ ಮತ್ತು ಬ್ಲಿಯೊಮೈಸಿನ್‌ಗಳನ್ನು ಯಾವುದಕ್ಕೆ ಅಂಟಿಸಿದೆನೆಂಬುದು ನನ್ನೊಳಗೇ ಇರಲಿ. ಯಾವ ಜೋಡಿಯನ್ನು ಯಾವ ದಿನ ಮತ್ತೆ ತೆರೆಯಬೇಕೆಂಬ ನನ್ನ ಲೆಕ್ಕವನ್ನೂ ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ.

ಎರಡನೆಯ ಬಾರಿ ಒಟ್ಟು ಖರ್ಚಾದದ್ದು 70 ರೂಪಾಯಿಯ ಎರಡು ಪುಸ್ತಕ, ನಾಲ್ಕು ಬಣ್ಣದ ಪೆನ್ನು, ಸುಮಾರು ಮೂರು ಸಾವಿರದ ಮಾಕ್ ಸರಣಿ. ದಿನಕ್ಕೆ ನಲವತ್ತು ನಿಮಿಷದಂತೆ ಹತ್ತು ವಾರಗಳಲ್ಲಿ ತೊಂಬತ್ತರಷ್ಟು ಜೋಡಿಗಳಾದವು. ಸ್ತನಕ್ಯಾನ್ಸರಿಗೆ ಸಂಬಂಧಿಸಿದ ಜೀನುಗಳಲ್ಲಿ ಬಿಆರ್‌ಸಿಎ1 17ನೆಯ ಕ್ರೋಮೋಸೋಮಿನಲ್ಲಿ, ಬಿಆರ್‌ಸಿಎ2 13ರಲ್ಲಿ ಎಂಬ ಜೋಡಿಯೊಂದನ್ನು ಮಾತ್ರ ಪರೀಕ್ಷೆಯ ಬೆಳಿಗ್ಗೆ ಆಟೋದಲ್ಲಿ ಕುಳಿತು ಮತ್ತೊಮ್ಮೆ ತೆರೆಯಬೇಕಾಯಿತು.