ಎರಡು ಸೆಕೆಂಡು ಹುಡುಕಿದ ವರ್ಷ

ನನಗೆ ಆಗ 17 ವರ್ಷ. ನ್ಯಾಷನಲ್ಸ್‌ಗೆ ಹೋಗುವ ರಾಜ್ಯ ತಂಡದಲ್ಲಿ ಜಾಗ ಸಿಗಬೇಕಾದರೆ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ, ಅಂದರೆ ಬೆನ್ನ ಮೇಲೆ ಮಲಗಿ ಈಜುವ ರೇಸಿನಲ್ಲಿ, 1:03ರ ಒಳಗೆ ಬರಲೇಬೇಕು ಅಂತ ನನ್ನ ಕೋಚ್ ಲೆಕ್ಕ ಹಾಕಿದ್ದರು. ಕರ್ನಾಟಕದಲ್ಲಿ ಈಜುಗಾರರು ಜಾಸ್ತಿ. ಹಾಳೆಯಲ್ಲಿರುವ ಟೈಮ್ ಮುಟ್ಟಿದರೆ ಸಾಲದು, ಪಕ್ಕದ ಲೇನಿನವರನ್ನೂ ದಾಟಬೇಕು.

ನಮ್ಮೂರಿನ ಕೊಳದಲ್ಲಿ ನನ್ನ ಟೈಮ್ 1:02.4. ಆಗಲೇ ಗೆದ್ದೆ ಅಂದುಕೊಂಡಿದ್ದೆ. ಬೆಂಗಳೂರಿಗೆ ಬಂದು 50 ಮೀಟರ್ ಕೊಳದಲ್ಲಿ, ಕೈ ತಾಗಿದ ಕೂಡಲೇ ಟೈಮ್ ನಿಲ್ಲಿಸುವ ಟಚ್ ಪ್ಯಾಡ್ ಗೋಡೆಗೆ ಇದ್ದ ಮೀಟ್‌ನಲ್ಲಿ ಈಜಿದೆ. ಬೋರ್ಡ್ ಮೇಲೆ 1:05.10 ಬಂತು. ಯಂತ್ರ ಕೆಟ್ಟಿದೆ ಅಂತಲೇ ಅನ್ನಿಸಿತು.

ಯಂತ್ರ ಸರಿಯಾಗಿಯೇ ಇತ್ತು. ನಮ್ಮೂರಿನ ಕೊಳ 25 ಮೀಟರ್. ಅಲ್ಲಿ 100 ಮೀಟರ್‌ಗೆ ಮೂರು ಟರ್ನ್, ಅಂದರೆ ಗೋಡೆ ಒದ್ದು ತಿರುಗುವುದು, ಸಿಗುತ್ತವೆ, 50 ಮೀಟರ್ ಕೊಳದಲ್ಲಿ ಒಂದೇ. ಪ್ರತಿ ಸಲ ಗೋಡೆ ಒದ್ದಾಗಲೂ ವೇಗ ಪುಕ್ಕಟೆಯಾಗಿ ಬರುತ್ತದೆ. ಇನ್ನೊಂದು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದವರು ಸಿಗ್ನಲ್ ಕೇಳಿ ಬಟನ್ ಒತ್ತುವಷ್ಟರಲ್ಲಿ ಸ್ವಲ್ಪ ಹೊತ್ತು ಹೋಗಿರುತ್ತದೆ. ಮುಗಿಯುವಾಗ ಕೈ ಗೋಡೆಗೆ ಬರುವುದು ಕಾಣುತ್ತಿರುತ್ತದೆ, ಹಾಗಾಗಿ ತಡವಾಗುವುದಿಲ್ಲ. ಎರಡೂ ಸೇರಿ ನನಗೆ ಇಲ್ಲದ ಟೈಮ್ ಕೊಟ್ಟಿದ್ದವು. ಇವತ್ತಿಗೂ ಯಾರಾದರೂ ತಂದೆ ತಾಯಿ ಮಗುವಿನ ಟೈಮ್ ಹೇಳಿದರೆ ನಾನು ಮೊದಲು ಕೇಳುವುದು, ಎಷ್ಟು ಮೀಟರ್ ಕೊಳ, ಟೈಮ್ ಹಿಡಿದದ್ದು ಯಾವುದರಲ್ಲಿ ಅಂತ.

ಎರಡು ಸೆಕೆಂಡು ಇಳಿಸಬೇಕಿತ್ತು. ಮೊದಲ ತಿಂಗಳು ಸುಮ್ನೆ ಜಾಸ್ತಿ ಈಜಿದೆ. ಭುಜ ನೋವು ಬಂತು, ಟೈಮ್ ಕದಲಲಿಲ್ಲ. ಆಮೇಲೆ ಕೋಚ್ ರೇಸನ್ನು ತುಂಡು ತುಂಡು ಮಾಡಿ ಒಂದು ನೋಟ್‌ಬುಕ್‌ನಲ್ಲಿ ಬರೆದರು. ಮೊದಲ 15 ಮೀಟರ್, ಟರ್ನ್, ಕೊನೆಯ 5 ಮೀಟರ್, ಎರಡು ಅರ್ಧಗಳು. ನನ್ನ ಮೊದಲ 50 ಮೀಟರ್ 30.21. ಎರಡನೆಯದು 34.89. ಅದರ ಕೆಳಗೆ ಅವರು ಎರಡು ಗೆರೆ ಎಳೆದಿದ್ದರು.

ಬ್ಯಾಕ್‌ಸ್ಟ್ರೋಕ್‌ನಲ್ಲಿ ಗೋಡೆ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಗೋಡೆಯಿಂದ 5 ಮೀಟರ್ ದೂರದಲ್ಲಿ ಕೊಳದ ಮೇಲೆ ಬಾವುಟಗಳ ಹಗ್ಗ ಕಟ್ಟಿರುತ್ತಾರೆ. ನಮ್ಮೂರಿನ ಕೊಳದಲ್ಲಿ ಅದು ಇರಲಿಲ್ಲ. ನಾನು ತಲೆ ಹೊರಳಿಸಿ ಗೋಡೆ ಹುಡುಕುತ್ತಿದ್ದೆ. ತಲೆ ಹೊರಳಿದರೆ ಸೊಂಟ ಮುಳುಗುತ್ತದೆ, ವೇಗ ಸಾಯುತ್ತದೆ. ಅಮ್ಮ ಒಂದು ಹಳೆಯ ಕೆಂಪು ಸೀರೆ ಹರಿದು ಪಟ್ಟಿ ಮಾಡಿಕೊಟ್ಟರು. ನೈಲಾನ್ ಹಗ್ಗಕ್ಕೆ ಒಂದೊಂದಾಗಿ ಗಂಟು ಹಾಕಿದೆವು. ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಟೇಪ್ ಹಿಡಿದು 5 ಮೀಟರ್ ಅಳೆದೆವು. ಪಟ್ಟಿ ಕಣ್ಣಿನ ಮೇಲೆ ಬಂದ ಕೂಡಲೇ ಎಣಿಕೆ ಶುರು. ಟರ್ನ್ ಆದರೆ ಒಂದು, ಎರಡು, ಮೂರನೇ ಕೈಗೆ ಮಗುಚು. ಮುಗಿಸುವಾಗ ಐದನೇ ಕೈಗೆ ಗೋಡೆ. ಮೊದಲ ವಾರ ಎರಡು ಸಲ ತಲೆ ಬಡಿಯಿತು. ಮೂರನೇ ವಾರಕ್ಕೆ ಕಣ್ಣು ಮುಚ್ಚಿದರೂ ಲೆಕ್ಕ ತಪ್ಪುತ್ತಿರಲಿಲ್ಲ.

ನೀರಿನ ಕೆಳಗಿನ ಕಿಕ್ ಇನ್ನೊಂದು ಕೆಲಸ. ನಿಯಮದ ಪ್ರಕಾರ 15 ಮೀಟರ್‌ವರೆಗೆ ಮುಳುಗಿ ಹೋಗಬಹುದು. ನಾನು ಮೂರು ಕಿಕ್ ಹೊಡೆದು ಮೇಲೆ ಬರುತ್ತಿದ್ದೆ, ಮೂಗಿಗೆ ನೀರು ನುಗ್ಗುತ್ತದೆ ಅನ್ನುವ ಭಯಕ್ಕೆ. ಮೂಗಿನಿಂದ 'ಹೂಂ' ಅಂತ ಸಣ್ಣಗೆ ಗಾಳಿ ಬಿಡುತ್ತಾ ಹೋಗುವುದು ಕಲಿತ ಮೇಲೆ ಏಳು ಕಿಕ್ ಸಾಧ್ಯವಾಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಮೊದಲ 50 ಮೀಟರ್ ತಡೆದು ಈಜುವುದು. ವಾರಕ್ಕೆ ಎರಡು ದಿನ ಎಂಟು 50 ಮೀಟರ್, ಒಂದೂವರೆ ನಿಮಿಷಕ್ಕೆ ಒಂದರಂತೆ. ಎಂಟನೆಯದು ಮೊದಲನೆಯದಕ್ಕಿಂತ ನಿಧಾನವಾದರೆ ಆ ಸೆಟ್ ಲೆಕ್ಕಕ್ಕಿಲ್ಲ. ಪಕ್ಕದವನು ಮುಂದೆ ಹೋಗುವುದು ಕಂಡರೂ ಸುಮ್ಮನಿರಬೇಕು. 17ರ ಹುಡುಗನಿಗೆ ಅದು ಸುಲಭವಲ್ಲ.

ಈಗ ನಾನು ಕೋಚ್. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ಇದೇ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಒಲಿಂಪಿಕ್ಸ್ ಅರ್ಹತೆಗಾಗಿ ಈಜುತ್ತಿದ್ದರು. ಟೋಕಿಯೊ ಒಲಿಂಪಿಕ್ಸ್‌ನ ಎ ಕಟ್, ಅಂದರೆ ನೇರ ಅರ್ಹತೆ ಕೊಡುವ ಟೈಮ್, 53.85. ಅದೇ ತಿಂಗಳ ಕೊನೆಗೆ ರೋಮ್‌ನಲ್ಲಿ, ಟೈಮ್‌ಗಾಗಿಯೇ ಈಜುವ ಟೈಮ್ ಟ್ರಯಲ್‌ನಲ್ಲಿ, ಅವರಿಗೆ 53.77 ಬಂತು. ಅಲ್ಲೇ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈಯಲ್ಲಿ 1:56.38 ಈಜಿ, 1:56.48ರ ಎ ಕಟ್ ದಾಟಿದ ಮೊದಲ ಭಾರತೀಯರಾದರು. ಇವು ಬೆರಳ ತುದಿಯಷ್ಟು ಅಂತರಗಳು. ಮಕ್ಕಳಿಗೆ ಈ ಅಂಕಿಗಳನ್ನು ಹೇಳುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಮುಂದಿನ ವರ್ಷದ ಸ್ಟೇಟ್ ಮೀಟ್. ಮೇಲೆ ಬರೀ ಆಕಾಶ, ನೇರ ಹೋಗಲು ಒಂದು ಗೆರೆಯೂ ಇಲ್ಲ. ಟರ್ನ್‌ಗೆ ಬಂದಾಗ ನಾನು ನಾಲ್ಕನೆಯವನು. ಮೂರನೇ ಕೈ, ಮಗುಚಿದೆ, ಒದ್ದೆ, ಏಳು ಕಿಕ್. ವಾಪಸ್ ಬರುವಾಗ ಬಾವುಟ ಕಂಡಿತು. ಐದು ಎಣಿಸಿ ಬೆರಳು ಚಾಚಿ ಪ್ಯಾಡ್ ಒತ್ತಿದೆ. ಬೋರ್ಡ್ ಮೇಲೆ ನನ್ನ ಹೆಸರಿನ ಮುಂದೆ 1:02.91, ಎರಡನೇ ಸ್ಥಾನ. ಸ್ಪ್ಲಿಟ್, ಅಂದರೆ ಎರಡು ಅರ್ಧಗಳ ಟೈಮ್, ಕೇಳಲು ಒದ್ದೆ ಮೈಯಲ್ಲೇ ಕೋಚ್ ಹತ್ತಿರ ಓಡಿದೆ. ಮೊದಲ 50 ಮೀಟರ್ 30.63, ಹೋದ ವರ್ಷಕ್ಕಿಂತ ನಿಧಾನ. ಎರಡನೆಯದು 32.28. ಅವರು ನೋಟ್‌ಬುಕ್ ನನ್ನ ಕೈಗೇ ಕೊಟ್ಟು, ನೀನೇ ಬರಿ ಅಂದರು.